ಜಲವಿದ್ಯೆಯ ಅನ್ವಯ: ಲೋಕೋಪಕಾರ, ಪೋರುಮಾಮಿಳ್ಳ ಶಾಸನ ಮತ್ತು ಕೃಷ್ಣಾತೀರದ ಐದು ತಾಲ್ಲೂಕುಗಳು

೧

ನೀರನ್ನು ಕುರಿತ ವಿದ್ಯೆಯು ಒಂದೇ ಶಾಸ್ತ್ರದ ಎಲ್ಲೆಯೊಳಗೆ ಅಡಗತಕ್ಕುದಲ್ಲವೆಂಬ ಮಾತು ಈಗ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಸಮ್ಮತವಾಗಿದೆ. ೧೯೯೨ರ ಜನವರಿಯಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಕೂಡಿದ ಸಮ್ಮೇಲನವು, ಸಿಹಿನೀರು ಮಿತವಾದುದು ಮತ್ತು ಸುಲಭವಾಗಿ ಕೆಡತಕ್ಕುದು ಎಂಬುದನ್ನು ತನ್ನ ಮೊದಲ ತತ್ತ್ವವಾಗಿ ಸಾರಿತು. ಅಂದಿನಿಂದ ಈಚೆಗೆ ಸ್ಥಾಪತ್ಯ, ಕೃಷಿ, ಭೂವಿಜ್ಞಾನ, ಅರ್ಥಶಾಸ್ತ್ರ, ನ್ಯಾಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕೂಡಿಸಿ 'ಸಿಹಿನೀರಿನ ಸುಸ್ಥಿರ ನಿರ್ವಹಣೆ' ಮೊದಲಾದ ಹೆಸರುಗಳಿಂದ ಸ್ನಾತಕೋತ್ತರ ವ್ಯಾಸಂಗಗಳು ಅನೇಕ ದೇಶಗಳಲ್ಲಿ ಹುಟ್ಟಿವೆ. ಈ ಶತಮಾನದ ಮೊದಲ ದಶಕದಲ್ಲಿ ಹೈದರಾಬಾದಿನ ಸಾಸಿವಾಟರ್ಸ್ ಸಂಸ್ಥೆಯು ದಕ್ಷಿಣ ಏಷ್ಯಾದ ಕೆಲವು ವಿದ್ಯಾಸಂಸ್ಥೆಗಳೊಡನೆ ಸೇರಿ, ಎಲ್ಲೆಗಳನ್ನು ದಾಟುವುದು ಎಂಬರ್ಥದ ಹೆಸರಿನಲ್ಲಿ ಇಂಥ ಶಿಕ್ಷಣವನ್ನು ನಡೆಸಿತು.

ಇವನ್ನು ಹೊಗಳುವವರು ಇವು ಹೊಚ್ಚಹೊಸವೆನ್ನುವರು. ತೆಗಳುವವರು ಹಲವು ಶಾಸ್ತ್ರಗಳ ಕಲಸುಮೇಲೋಗರವೆನ್ನುವರು. ಎರಡು ಮಾತುಗಳೂ ಪರೀಕ್ಷಾರ್ಹವಾದುವು. ಪರೀಕ್ಷೆಗೆ ಒರೆಗಲ್ಲು ಬೇಕಷ್ಟೆ. ಅಂಥ ಒರೆಗಲ್ಲುಗಳು ಎರಡು ದಕ್ಷಿಣದೇಶದ ವಾಙ್ಮಯದಲ್ಲಿಯೇ ಇವೆ: ಒಂದು, ಕನ್ನಡದ 'ಲೋಕೋಪಕಾರ', ಇನ್ನೊಂದು, ವಿಜಯನಗರದ ಕಾಲದ ಪೋರುಮಾಮಿಳ್ಳ ಶಾಸನ. ಇವೆರಡನ್ನೂ ಪುರಾತನ ವೈಭವದ ಸಾಕ್ಷಿಗಳೆಂದು ಎತ್ತಿ ಹಿಡಿಯುವುದು ವಾಡಿಕೆಯಾಗಿದೆ. ಅದರಿಂದ ಗ್ರಂಥಕ್ಕೂ ಲಾಭವಿಲ್ಲ, ನೀರಿಗೂ ಲಾಭವಿಲ್ಲ. ಇವುಗಳ ಗುಣದೋಷಗಳನ್ನು ವಿಚಾರಿಸಿ, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳ ಜಲಸ್ಥಿತಿಗೆ ಹಿಡಿದು ನೋಡಿದರೆ, ಬಹುಶಾಸ್ತ್ರದ ವ್ಯಾಸಂಗವೆಂಬುದು ಯಾವಾಗ ಸಾರ್ಥಕವಾಗುವುದು, ಯಾವಾಗ ಬರಿಯ ಹೆಸರಾಗುವುದು ಎಂಬುದು ತಿಳಿಯಬಹುದು.

೨

ಲೋಕೋಪಕಾರವು ಕ್ರಿ. ಶ. ೧೦೨೫ರ ಸುಮಾರಿನದೆಂದು ಗ್ರಹಿಸಲ್ಪಟ್ಟಿದೆ. ಇದರ ಕರ್ತನಾದ ಚಾವುಂಡರಾಯನು ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು. ೯೭೮ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ ಗಂಗಮಂತ್ರಿ ಚಾವುಂಡರಾಯನಿಂದ ಬೇರೆಯಾದವನು. ಪಂಚಾಂಗ, ವಾಸ್ತು, ಉದಕಾರ್ಗಳ, ವೃಕ್ಷಾಯುರ್ವೇದ, ಸುಗಂಧ, ಸೂಪಶಾಸ್ತ್ರ, ನರವೈದ್ಯ, ಪಶುವೈದ್ಯ, ವಿಷವೈದ್ಯ, ಶಕುನ ಮುಂತಾದ ವಿಷಯಗಳನ್ನು ಈತನು ಒಂದೇ ಗ್ರಂಥದಲ್ಲಿ ಕನ್ನಡದಲ್ಲಿ ಹೇಳಿದ್ದಾನೆ. ೨೦೦೬ರಲ್ಲಿ ಇದರ ಇಂಗ್ಲಿಷ್ ಅನುವಾದವು ಪ್ರಕಟವಾದ ಮೇಲೆ ಕೃಷಿಶಾಸ್ತ್ರಜ್ಞರ ದೃಷ್ಟಿಯೂ ಇತ್ತ ಹರಿದಿದೆ.

ಇದರ ಮೊದಲನೆಯ ಗುಣವು ವಿಷಯಗಳ ನೆರೆಹೊರೆಯಲ್ಲಿದೆ. ಮನೆ ಕಟ್ಟುವ ವಿಚಾರ, ಬಾವಿಯ ವಿಚಾರ, ಗಿಡ ಬೆಳೆಸುವ ವಿಚಾರ, ಅಡಿಗೆ ಮತ್ತು ವೈದ್ಯಗಳ ವಿಚಾರ ಒಂದೇ ಗ್ರಂಥದೊಳಗೆ ಬರುವುವು. ಗೃಹಸ್ಥನ ಜೀವನದಲ್ಲಿ ಇವು ಬೇರೆ ಬೇರೆ ಇಲಾಖೆಗಳಲ್ಲ. ಬಾವಿಯ ನೀರು ಕೆಟ್ಟರೆ ಅಡಿಗೆ ಕೆಡುವುದು, ಅಡಿಗೆ ಕೆಟ್ಟರೆ ವೈದ್ಯನು ಬೇಕಾಗುವುದು. ಎರಡನೆಯ ಗುಣವು ಭಾಷೆಯದು. ಸಂಸ್ಕೃತದಲ್ಲಿ ವರಾಹಮಿಹಿರನ ಬೃಹತ್ಸಂಹಿತೆ ಮೊದಲಾದ ಗ್ರಂಥಗಳಲ್ಲಿದ್ದ ವಿದ್ಯೆಯನ್ನು ಕನ್ನಡ ಬಲ್ಲವನ ಕೈಗೆ ತಲುಪಿಸಬೇಕೆಂಬ ಉದ್ದೇಶವು ಗ್ರಂಥದ ಹೆಸರಿನಲ್ಲಿಯೇ ಇದೆ.

ಆದರೆ ವಿಮರ್ಶಕನು ಇಲ್ಲಿಗೆ ನಿಲ್ಲಲಾಗದು. ಉದಕಾರ್ಗಳದ ಭಾಗದಲ್ಲಿ ನೀರು ಹುಡುಕಬೇಕಾದ ವಸ್ತುವಾಗಿದೆಯೇ ಹೊರತು ಹಂಚಬೇಕಾದ ವಸ್ತುವಾಗಿಲ್ಲ. ಹುತ್ತ, ಮರ, ಮಣ್ಣಿನ ಲಕ್ಷಣಗಳಿಂದ ಅಂತರ್ಜಲವನ್ನು ಊಹಿಸುವ ಕ್ರಮವು ಪೂರ್ವಪರಂಪರೆಯಿಂದ ಬಂದುದು. ಅದರಲ್ಲಿ ಬಹುಕಾಲದ ನಿರೀಕ್ಷಣೆಯ ಅಂಶವೂ ಇದೆ, ಪರೀಕ್ಷಿಸದೆ ಒಪ್ಪಿದ ಅಂಶವೂ ಇದೆ. ಒಬ್ಬನು ಬಾವಿ ತೋಡಿದರೆ ಪಕ್ಕದವನ ಬಾವಿ ಏನಾಗುವುದೆಂಬ ಪ್ರಶ್ನೆ ಆ ಕಾಲದ ಗ್ರಂಥಕಾರನಿಗೆ ಹುಟ್ಟಲಿಲ್ಲ. ಕೈಯಿಂದ ತೋಡಿ ಕಪಿಲೆಯಿಂದ ಎತ್ತುವ ಕಾಲದಲ್ಲಿ ಅದು ಹುಟ್ಟಬೇಕಾಗಿಯೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ವಿಷಯಗಳು ಪಕ್ಕಪಕ್ಕದಲ್ಲಿವೆಯಾದರೂ ಒಂದು ಇನ್ನೊಂದನ್ನು ಕರೆಯುವುದಿಲ್ಲ. ಉದಕಾರ್ಗಳವು ಮುಗಿಯುವುದು, ವೃಕ್ಷಾಯುರ್ವೇದವು ಮೊದಲಾಗುವುದು. ಈ ಮರಕ್ಕೆ ಇಷ್ಟು ನೀರು ಬೇಕು, ಆ ನೀರು ಈ ಬಾವಿಯಲ್ಲಿದೆಯೋ ಎಂಬ ಲೆಕ್ಕವು ಎರಡರ ನಡುವೆ ಬೆಳೆಯುವುದಿಲ್ಲ. ಲೋಕೋಪಕಾರವು ಉತ್ತಮವಾದ ಸಂಗ್ರಹ, ಅನ್ವಯವಲ್ಲ.

೩

ಪೋರುಮಾಮಿಳ್ಳ ಶಾಸನವು ಇದಕ್ಕೆ ಭಿನ್ನವಾದುದು. ಈಗಿನ ಆಂಧ್ರಪ್ರದೇಶದ ಕಡಪಾ ಪ್ರಾಂತದಲ್ಲಿರುವ ಆ ಊರಿನ ಕೆರೆಯನ್ನು ವಿಜಯನಗರದ ಒಂದನೆಯ ಬುಕ್ಕನ ಮಗನಾದ ಭಾಸ್ಕರನು ಕಟ್ಟಿಸಿದನೆಂದು ೧೩೬೯ರ ಈ ಸಂಸ್ಕೃತ ಶಾಸನವು ತಿಳಿಸುವುದು. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರುಷ ದುಡಿದ ವಿಚಾರವು ಅದರಲ್ಲಿದೆ. ಆದರೆ ಶಾಸನದ ಕೀರ್ತಿಗೆ ಕಾರಣವು ಅದಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಅದು ಎಣಿಸಿರುವುದೇ ಕಾರಣ.

ಹನ್ನೆರಡು ಅಂಗಗಳಲ್ಲಿ ಮೊದಲನೆಯದು ಧರ್ಮಿಷ್ಠನಾದ ಅರಸು. ಎರಡನೆಯದು ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ. ಬಳಿಕ ಗಟ್ಟಿನೆಲ, ಸಿಹಿನೀರಿನ ಹೊಳೆ, ಬೆಟ್ಟದ ಆಸರೆ, ಕಲ್ಲಿನ ಏರಿ, ವಿಸ್ತಾರವಾದ ಆಳವುಳ್ಳ ಒಡಲು, ಕಲ್ಲಿನ ಗಣಿ, ಫಲವತ್ತಾದ ಸಮನೆಲ ಮುಂತಾದುವು ಬಂದು, ಕಟ್ಟುವ ಕೆಲಸದಲ್ಲಿ ನುರಿತ ಜನರಿಂದ ಪಟ್ಟಿಯು ಮುಗಿಯುವುದು. ಇಲ್ಲಿ ರಾಜನೀತಿ, ಶಾಸ್ತ್ರ, ಭೂಗುಣ, ಜಲಗುಣ, ಶಿಲ್ಪ, ಕೃಷಿ, ಶ್ರಮ ಎಲ್ಲವೂ ಒಂದೇ ಕೆರೆಯ ಅಂಗಗಳು. ಅಂಗವೆಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದುದಲ್ಲ: ಒಂದು ಲೋಪವಾದರೆ ಉಳಿದವು ಇದ್ದೂ ಇಲ್ಲದಂತೆ.

ಆರು ದೋಷಗಳು ಇನ್ನೂ ಗಮನಾರ್ಹವಾಗಿವೆ: ಏರಿಯಿಂದ ನೀರು ಒಸರುವುದು, ಸವಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಸ್ವಲ್ಪವಾಗಿ ನೆಲ ಬಹಳವಾಗಿರುವುದು, ನೆಲ ಸ್ವಲ್ಪವಾಗಿ ನೀರು ಬಹಳವಾಗಿರುವುದು. ಗಡಿಯೆಂಬ ರಾಜಕೀಯ ಸ್ಥಿತಿಯನ್ನೂ ಸವಳೆಂಬ ಭೂಗುಣವನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಈ ಪಟ್ಟಿಯ ವೈಶಿಷ್ಟ್ಯ. ಏರಿಯ ಬಿರುಕಿನಿಂದ ಹೇಗೆ ಕೆರೆಯು ಹಾಳಾಗುವುದೋ ಇಬ್ಬರು ಅರಸರ ನಡುವಿನ ವೈಮನಸ್ಯದಿಂದಲೂ ಹಾಗೆಯೇ ಹಾಳಾಗುವುದೆಂದು ಶಾಸನಕಾರನು ಬಲ್ಲನು.

ಇದರಲ್ಲಿಯೂ ಕೊರತೆಯುಂಟು. ಶಾಸನವು ಪ್ರಶಸ್ತಿಯ ಜಾತಿಗೆ ಸೇರಿದುದು; ಪುಣ್ಯಕ್ಕಾಗಿ, ಕೀರ್ತಿಗಾಗಿ ಕೆತ್ತಿಸಿದುದು. ಹನ್ನೆರಡು ಅಂಗಗಳಲ್ಲಿ ಕಟ್ಟಿಸುವವನಿದ್ದಾನೆ, ಬಲ್ಲವನಿದ್ದಾನೆ, ಕಟ್ಟುವವರಿದ್ದಾರೆ. ನೀರನ್ನು ಹಾಯಿಸಿ ಉಣ್ಣುವ ಒಕ್ಕಲಿಗನಿಗೆ ಅಂಗವೆಂಬ ಪದವಿ ದೊರೆತಿಲ್ಲ. ಪಾಳಿಯ ಕ್ರಮವನ್ನು ಯಾರು ನಡೆಸಬೇಕು, ಕಾಲುವೆಯ ತುದಿಯವನಿಗೆ ನೀರು ಮುಟ್ಟದಿದ್ದರೆ ಯಾರನ್ನು ಕೇಳಬೇಕು ಎಂಬುದು ಪಟ್ಟಿಯ ಹೊರಗೆ ಉಳಿದಿದೆ.

೪

ಈಗ ಕೃಷ್ಣಾತೀರಕ್ಕೆ ಬರಬಹುದು. ಮಹಾರಾಷ್ಟ್ರದ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಕೃಷ್ಣೆಯು ಕರ್ನಾಟಕವನ್ನು ಪ್ರವೇಶಿಸುವಳು. ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ-ಯಡೂರುಗಳ ಪರಿಸರದಲ್ಲಿ ಕೃಷ್ಣೆಯನ್ನೂ ಸೇರುವುವು. ರಾಯಬಾಗ, ಕಾಗವಾಡ, ಅಥಣಿಗಳ ನೆಲವನ್ನು ತೊಯಿಸಿ ನದಿಯು ಹಿಪ್ಪರಗಿಯ ಕಡೆಗೆ ಸಾಗುವುದು. ಅಥಣಿಯ ಕಡೆ ಸಾಂಗಲಿ ಜಿಲ್ಲೆಯಿಂದ ಅಗ್ರಣಿಯು ಬರುವುದು. ಕವಿರಾಜಮಾರ್ಗವು ನಾಡಿನ ಎಲ್ಲೆಯನ್ನು ನದಿಗಳಿಂದ ಗುರುತಿಸಿತು. ಇಲ್ಲಿಯಾದರೋ ನದಿಯು ಎಲ್ಲೆಯಾಗದೆ ಎಲ್ಲೆಯನ್ನು ದಾಟಿ ಬರುವುದು.

ಶಾಸನದ ದೋಷಗಳನ್ನು ಒಂದೊಂದಾಗಿ ಇಲ್ಲಿಗೆ ಹಿಡಿದು ನೋಡತಕ್ಕುದು. ಮೊದಲು ಸವಳು. ಈ ಭಾಗದ ಆಳವಾದ ಎರೆಭೂಮಿಯು ನೀರನ್ನು ಹಿಡಿದಿಡುವುದು, ಬೇಗ ಬಿಡದು. ಉಗಾರ ಖುರ್ದದ ಸಕ್ಕರೆ ಕಾರಖಾನೆಯು ೧೯೩೯ರಲ್ಲಿ ಸ್ಥಾಪಿತವಾದಂದಿನಿಂದ ಕ್ರಮವಾಗಿ ಕಬ್ಬು ಈ ದಂಡೆಯ ಮುಖ್ಯ ಬೆಳೆಯಾಯಿತು. ವರುಷವೆಲ್ಲ ಹಾಯಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದಿದ್ದರೆ ನೆಲದೊಳಗಿನ ಜಲಮಟ್ಟವು ಮೇಲೇರುವುದು. ನೀರು ಆವಿಯಾದಾಗ ಅದರಲ್ಲಿದ್ದ ಲವಣವು ಮೇಲ್ಮಣ್ಣಿನಲ್ಲಿ ಉಳಿಯುವುದು. ಉಗಾರ ಬುದ್ರುಕದಲ್ಲಿ ನೆಲದೊಳಗೆ ತೂತುಗೊಳವೆಗಳನ್ನು ಹೂಳಿ ನೀರನ್ನು ಬಸಿಯುವ ಕಾರ್ಯವು ನಡೆದುದು ಈ ರೋಗದ ಚಿಕಿತ್ಸೆಗಾಗಿಯೇ. ನೀರಿಲ್ಲದೆ ಕೆಟ್ಟ ಹೊಲವನ್ನು ಕಂಡವರಿಗೆ ನೀರಿನಿಂದಲೇ ಕೆಟ್ಟ ಹೊಲವು ಒಗಟಾಗಿ ತೋರುವುದು.

ಎರಡನೆಯದಾಗಿ ನೀರು-ನೆಲಗಳ ಪ್ರಮಾಣ. ೨೦೦೫, ೨೦೧೯, ೨೦೨೧ರ ಮಹಾಪೂರಗಳಲ್ಲಿ ನದೀತೀರದ ಊರುಗಳು ಮುಳುಗಿದುವು. ಅದೇ ಅಥಣಿ ತಾಲ್ಲೂಕಿನ ತೆಲಸಂಗದ ಕಡೆಯ ಮಡ್ಡಿನೆಲವು ಮಳೆಯನ್ನೇ ನಂಬಿ ಬರವನ್ನು ಉಂಡುದು. ನೀರು ಬಹಳ, ನೆಲ ಸ್ವಲ್ಪ ಎಂಬ ದೋಷವೂ, ನೆಲ ಬಹಳ, ನೀರು ಸ್ವಲ್ಪ ಎಂಬ ದೋಷವೂ ಒಂದೇ ತಾಲ್ಲೂಕಿನಲ್ಲಿ ಕೂಡಿರುವುದು ಶಾಸನಕಾರನ ಕಲ್ಪನೆಗೆ ಮೀರಿದ ಸ್ಥಿತಿ. ನದಿಯಿಂದ ನೀರನ್ನೆತ್ತಿ ಮಡ್ಡಿಗೆ ಒಯ್ಯುವ ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಯೋಜನೆಗಳು ಈ ಎರಡು ದೋಷಗಳನ್ನು ಒಂದರಿಂದೊಂದು ತೀರಿಸುವ ಪ್ರಯತ್ನಗಳು. ಆದರೆ ಮಡ್ಡಿಯಲ್ಲಿಯೂ ಕಬ್ಬೇ ಬೆಳೆದರೆ, ಬಸಿಗಾಲುವೆಯನ್ನು ಮರೆತರೆ, ಮೊದಲ ದೋಷವಾದ ಸವಳು ಮಡ್ಡಿಯನ್ನೂ ಏರಬಹುದು.

ಮೂರನೆಯದು ಗಡಿ. ಮೇಲಣ ಕೊಯ್ನಾ ಜಲಾಶಯವು ಮಹಾರಾಷ್ಟ್ರದಲ್ಲಿದೆ; ಪ್ರವಾಹದ ದಿನಗಳಲ್ಲಿ ಐದು ತಾಲ್ಲೂಕುಗಳವರು ಕಿವಿಗೊಡುವುದು ಶಿರೋಳ ತಾಲ್ಲೂಕಿನ ರಾಜಾಪುರ ಬಾಂದಾರದಿಂದ ಬರುವ ಕ್ಯೂಸೆಕ್ಕುಗಳ ಲೆಕ್ಕಕ್ಕೆ. ಬೇಸಗೆಯಲ್ಲಿ ಕರ್ನಾಟಕವು ಕೊಯ್ನೆಯ ನೀರನ್ನು ಕೇಳುವುದು. ಅದಕ್ಕೆ ಪ್ರತಿಯಾಗಿ ಕನ್ನಡಿಗರೂ ಬಹಳವಾಗಿರುವ ಜತ್ತ ತಾಲ್ಲೂಕಿಗೆ ನೀರು ಕೊಡಬೇಕೆಂದು ಮಹಾರಾಷ್ಟ್ರವು ಕೇಳಿದುದುಂಟು. ೧೯೬೯ರಲ್ಲಿ ನೇಮಕವಾದ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯು ೧೯೭೩ರ ವರದಿಯಲ್ಲಿ ೨೦೬೦ ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಎಂದು ಹಂಚಿತು. ಎರಡನೆಯ ಮಂಡಲಿಯು ೨೦೧೦ರಲ್ಲಿ ಆಲಮಟ್ಟಿಯ ಎತ್ತರವನ್ನು ೫೨೪.೨೫೬ ಮೀಟರಿಗೆ ಏರಿಸಲು ಒಪ್ಪಿತು. ಆ ಎತ್ತರವೇ ಮೇಲಣ ಸಾಂಗಲಿ-ಕೊಲ್ಲಾಪುರಗಳ ಆತಂಕಕ್ಕೆ ವಿಷಯವಾಯಿತು. ನೆರೆಯು ಬಂದಾಗ ಕೆಳಗಿನವರು ಮೇಲಿನ ಜಲಾಶಯವನ್ನೂ, ಮೇಲಿನವರು ಕೆಳಗಿನ ಅಣೆಕಟ್ಟನ್ನೂ ಬೆರಳಿಟ್ಟು ತೋರಿಸುವರು.

ಇಲ್ಲಿಯೇ ಶಾಸನದ ಮಿತಿಯು ಗೋಚರವಾಗುವುದು. ಕೆರೆ ಕಟ್ಟುವವನಿಗೆ ಸ್ಥಳವನ್ನು ಆರಿಸುವ ಸ್ವಾತಂತ್ರ್ಯವಿದೆ. ಗಡಿಯು ದೋಷವಾದರೆ ಗಡಿಯನ್ನು ಬಿಟ್ಟು ಬೇರೆಡೆ ಕಟ್ಟಬಹುದು. ಸವಳಾದರೆ ಸಿಹಿನೆಲವನ್ನು ಹುಡುಕಬಹುದು. ನದಿಯು ತನ್ನ ಸ್ಥಳವನ್ನು ತಾನೇ ಆರಿಸಿಕೊಂಡಿದೆ. ರಾಜ್ಯದ ಎಲ್ಲೆಯು ೧೯೫೬ರಲ್ಲಿ ಅದರ ಮೇಲೆ ಬಂದು ಬಿದ್ದಿತು. ಅದಕ್ಕೂ ಮುಂಚೆ ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿಯೂ ಚಿಕ್ಕೋಡಿ-ಅಥಣಿಗಳು ಮುಂಬಯಿ ಪ್ರಾಂತದಲ್ಲಿಯೂ ಇದ್ದುವು. ಕೆರೆಯ ಶಾಸ್ತ್ರದಲ್ಲಿ ವರ್ಜ್ಯವಾದುದು ನದಿಯ ಶಾಸ್ತ್ರದಲ್ಲಿ ಆರಂಭಸ್ಥಾನವಾಗಿದೆ. ದೋಷವನ್ನು ಬಿಡುವ ವಿದ್ಯೆಯಿಂದ ದೋಷದೊಡನೆ ಬಾಳುವ ವಿದ್ಯೆಗೆ ಸಾಗಬೇಕಾದ ಈ ಹೆಜ್ಜೆಯಲ್ಲಿಯೇ ಬಹುಶಾಸ್ತ್ರದ ವ್ಯಾಸಂಗಕ್ಕೆ ನಿಜವಾದ ಅವಶ್ಯಕತೆಯುಂಟು.

೫

ಐದು ತಾಲ್ಲೂಕುಗಳ ಸುತ್ತಮುತ್ತ ವಿದ್ಯಾಕೇಂದ್ರಗಳಿಗೆ ಕೊರತೆಯಿಲ್ಲ. ಬೆಳಗಾವಿಯಲ್ಲಿ ೧೯೮೭ರಿಂದ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ೧೯೯೮ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ೨೦೧೦ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಸ್ಥಾಪಿತವಾದುವು. ಧಾರವಾಡದಲ್ಲಿ ೧೯೮೬ರ ಕೃಷಿ ವಿಶ್ವವಿದ್ಯಾಲಯವೂ, ನೆಲ-ಜಲ ನಿರ್ವಹಣೆಯ ಸಂಸ್ಥೆಯಾದ ವಾಲ್ಮಿಯೂ ಇವೆ. ಒಂದೊಂದೂ ತನ್ನ ಅಂಗದಲ್ಲಿ ಬಲವುಳ್ಳುದು. ಪ್ರಶ್ನೆಯಿರುವುದು ಅಂಗಗಳ ಬಲದಲ್ಲಲ್ಲ, ಅಂಗಗಳ ಸಂಬಂಧದಲ್ಲಿ.

ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದ ಒಂದು ಸೂತ್ರವು ಇಲ್ಲಿ ಉಪಯೋಗಕ್ಕೆ ಬರುವುದು. ಪದಗಳ ರಾಶಿಯು ವಾಕ್ಯವಲ್ಲ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇದ್ದಲ್ಲದೆ ವಾಕ್ಯಾರ್ಥವು ಹುಟ್ಟದೆಂದು ಶಾಸ್ತ್ರಕಾರರು ಹೇಳಿದ್ದಾರೆ. ವಿದ್ಯೆಗಳ ರಾಶಿಯೂ ಹಾಗೆಯೇ. ಒಂದು ಶಾಸ್ತ್ರದ ಪ್ರಶ್ನೆಯು ಇನ್ನೊಂದರ ಉತ್ತರವನ್ನು ಬೇಡಬೇಕು: ಇದು ಆಕಾಂಕ್ಷೆ. ಒಂದರ ಅಳತೆಯು ಇನ್ನೊಂದರ ಅಳತೆಗೆ ಹೊಂದಬೇಕು: ಇದು ಯೋಗ್ಯತೆ. ಎರಡೂ ಒಂದೇ ಕಾಲದಲ್ಲಿ ಒಂದೇ ವಸ್ತುವಿನ ಮುಂದೆ ನಿಲ್ಲಬೇಕು: ಇದು ಸನ್ನಿಧಿ. ಮೊದಲ ವರುಷದಲ್ಲಿ ಜಲಗಣಿತ, ಎರಡನೆಯ ವರುಷದಲ್ಲಿ ಜಲನ್ಯಾಯ ಎಂದು ಹಂಚಿದ ಪಠ್ಯಕ್ರಮವು ಲೋಕೋಪಕಾರದ ಅಧ್ಯಾಯಗಳಂತೆ ಪಕ್ಕಪಕ್ಕದಲ್ಲಿದ್ದೂ ಮಾತನಾಡದಿರಬಹುದು.

ಇದಕ್ಕೆ ಕೃಷ್ಣಾ-ದೂಧಗಂಗಾ-ವೇದಗಂಗೆಗಳ ಬಾಂದಾರಗಳೇ ನಿದರ್ಶನ. ಕಲ್ಲೋಳ-ಯಡೂರು, ಕಾರದಗಾ-ಭೋಜ, ಭೋಜವಾಡಿ-ಕುನ್ನೂರು, ಮಲಿಕವಾಡ-ದತ್ತವಾಡ ಎಂದು ಜೋಡಿ ಹೆಸರುಗಳಿಂದ ಪ್ರಸಿದ್ಧವಾದ ಇವು ಮಳೆಗಾಲದಲ್ಲಿ ಮೊದಲು ಮುಳುಗುವ ಸೇತುವೆಗಳೂ ಹೌದು. ಕೊಲ್ಲಾಪುರ ಮಾದರಿಯ ಬಾಂದಾರದಲ್ಲಿ ಕಂಬಗಳ ನಡುವಿನ ಗಾಡಿಗಳಿಗೆ ಹಲಗೆಗಳನ್ನು ಇಳಿಸಿ ಮಳೆಯ ತರುವಾಯ ನೀರು ನಿಲ್ಲಿಸುವರು. ಮುಂದಿನ ಮಳೆಗೆ ಮುಂಚೆ ಅವನ್ನು ತೆಗೆಯುವರು. ಸ್ಥಾಪತ್ಯದವನಿಗೆ ಇದು ತಡೆಗೋಡೆ. ದಾರಿಗನಿಗೆ ಹೊಳೆ ದಾಟುವ ರಸ್ತೆ. ಒಕ್ಕಲಿಗನಿಗೆ ಪಂಪು ಹೂಡುವ ಮಡು. ನ್ಯಾಯವಾದಿಗೆ ಪಾಲಿನ ಲೆಕ್ಕ. ಮಲಿಕವಾಡ-ದತ್ತವಾಡಗಳಲ್ಲಿ ಒಂದು ತುದಿಯು ಕರ್ನಾಟಕದಲ್ಲಿ, ಇನ್ನೊಂದು ಮಹಾರಾಷ್ಟ್ರದಲ್ಲಿ. ಹಲಗೆಯನ್ನು ಯಾವ ದಿನ ಇಳಿಸಬೇಕೆಂಬ ಒಂದು ಪ್ರಶ್ನೆಗೆ ನಾಲ್ವರೂ ಬೇಕು. ನಾಲ್ವರನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕಲಿಸಿ ಒಂದೇ ಪದವಿಯನ್ನು ಕೊಟ್ಟ ಮಾತ್ರಕ್ಕೆ ಆ ಪ್ರಶ್ನೆಯು ಬಗೆಹರಿಯದು; ಆ ಬಾಂದಾರವನ್ನೇ ಪಾಠವಾಗಿ ಇಟ್ಟರೆ ನಾಲ್ಕು ಶಾಸ್ತ್ರಗಳೂ ತಾವಾಗಿ ಕೂಡಿ ಬರುವುವು.

೬

ಇನ್ನು ಭಾಷೆಯ ಮಾತು. ಈ ವಿದ್ಯೆಯ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನವು. ನ್ಯಾಯಮಂಡಲಿಗಳ ವರದಿಗಳು ಇಂಗ್ಲಿಷಿನಲ್ಲಿವೆ. ಮೇಲಣ ರಾಜ್ಯದ ಕಡತಗಳು ಮರಾಠಿಯಲ್ಲಿ. ಈ ಭಾಗದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯವೂ ಉಂಟು. ಹೊಲದ ಮಾತು ಕನ್ನಡ-ಮರಾಠಿಗಳ ನಡುವೆ ಓಡಾಡುವುದು. ಬಾಂದಾರವೆಂಬ ಮಾತೇ ಮರಾಠಿಯ ಮೂಲಕ ಬಂದು ಕನ್ನಡದ ಮನೆಯದಾಗಿದೆ. ಚಿಕ್ಕೋಡಿಯ ನೀರನ್ನು ಓದಬೇಕಾದವನು ಮೂರು ಭಾಷೆಗಳನ್ನು ಬಲ್ಲವನಾಗಿರಬೇಕು. ಹೀಗಿರಲು ಭಾಷಾಧ್ಯಯನವನ್ನು ಜಲವಿದ್ಯೆಯ ಹನ್ನೆರಡು ಅಂಗಗಳ ಹೊರಗೆ ಇಡುವುದು ಯುಕ್ತವೇ?

ಪಾರಿಭಾಷಿಕ ಪದಗಳ ವಿಷಯದಲ್ಲಿಯೂ ಇದೇ ನ್ಯಾಯ. ಉತ್ತರ ಕರ್ನಾಟಕದ ಒಕ್ಕಲಿಗನು ಸವಳು ಎಂದೂ ಜವಳು ಎಂದೂ ಎರಡು ಮಾತುಗಳನ್ನು ಇಟ್ಟುಕೊಂಡಿದ್ದಾನೆ. ಮೊದಲನೆಯದು ಲವಣದ ದೋಷ, ಎರಡನೆಯದು ನೀರು ನಿಂತು ನೆಲ ಉಸಿರಾಡದ ದೋಷ. ಎರಡನ್ನೂ ಜೋಡಿಸಿ ಸವಳು-ಜವಳು ಎನ್ನುವಾಗ ಒಂದರಿಂದ ಇನ್ನೊಂದು ಹುಟ್ಟುವುದೆಂಬ ತಿಳಿವಳಿಕೆಯೂ ಆ ಜೋಡುನುಡಿಯಲ್ಲಿ ಅಡಗಿದೆ. ಇದನ್ನು ಬಿಟ್ಟು ದೀರ್ಘವಾದ ಸಂಸ್ಕೃತ ಸಮಾಸಗಳನ್ನು ಹೊಸದಾಗಿ ಕಟ್ಟಿದರೆ ಪುಸ್ತಕವು ಕನ್ನಡವಾದೀತು, ವಿದ್ಯೆಯು ಕನ್ನಡವಾಗದು. ಎರೆ, ಮಸಾರಿ, ಮಡ್ಡಿ, ಹಳ್ಳ, ಪಾಳಿ, ಮಡು, ಬಸಿಗಾಲುವೆ ಮುಂತಾದ ಮಾತುಗಳನ್ನು ಅರ್ಥನಿರ್ಣಯಪೂರ್ವಕವಾಗಿ ಸಂಗ್ರಹಿಸುವ ಕೆಲಸವು ಸಾಹಿತ್ಯವಿಭಾಗಗಳದು. ದತ್ತಿಶಾಸನಗಳಲ್ಲಿ ಎಲ್ಲೆಗಳನ್ನು ಹೇಳುವ ಭಾಗವನ್ನು ವಂಶಾವಳಿಯ ಬಾಲವೆಂದು ದಾಟಿಹೋಗುವ ಅಭ್ಯಾಸವುಂಟು. ಕೆರೆ, ಹಳ್ಳ, ಬಾವಿಗಳು ಎಲ್ಲಿದ್ದುವೆಂಬ ಸಾಕ್ಷಿಯು ಆ ಭಾಗದಲ್ಲಿಯೇ ಇದೆ.

೭

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಪ್ರಾಚೀನ ಗ್ರಂಥಗಳ ಮೇಲೆ ಇಂದಿನ ಭಾರವನ್ನು ಹೊರಿಸುವುದು ಅನ್ಯಾಯವೆಂಬುದು ಮೊದಲನೆಯದು. ಗ್ರಂಥಗಳು ಇಂದಿನ ಉತ್ತರವನ್ನು ಹೇಳುವುವೆಂದು ಸಾಧಿಸಿದರೆ ಈ ಆಕ್ಷೇಪಣೆಯು ಸರಿಯೇ. ಇಲ್ಲಿ ಮಾಡಿರುವುದು ಅದಲ್ಲ. ವಿದ್ಯೆಗಳನ್ನು ಹೇಗೆ ಜೋಡಿಸಬಹುದೆಂಬ ಎರಡು ರೀತಿಗಳನ್ನು ಅವುಗಳಿಂದ ತಿಳಿದು, ಎರಡರ ಮಿತಿಯನ್ನೂ ತೋರಿಸಿದೆ. ಎರಡನೆಯದು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವನು ಯಾವುದನ್ನೂ ಆಳವಾಗಿ ಅರಿಯನೆಂಬುದು. ಇದು ಬಲವಾದ ಮಾತು. ಆದರೆ ಪೋರುಮಾಮಿಳ್ಳದ ಪಟ್ಟಿಯು ಒಬ್ಬನೇ ಹನ್ನೆರಡನ್ನೂ ಬಲ್ಲವನಾಗಬೇಕೆಂದು ವಿಧಿಸಲಿಲ್ಲ. ಜಲಶಾಸ್ತ್ರದ ವಿದ್ವಾಂಸನು ಬೇರೆ, ಕಟ್ಟುವವರು ಬೇರೆ. ಒಬ್ಬೊಬ್ಬನೂ ತನ್ನ ಅಂಗದಲ್ಲಿ ಪೂರ್ಣನಾಗಿ, ಉಳಿದ ಅಂಗಗಳ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವಷ್ಟು ಶಿಕ್ಷಿತನಾದರೆ ಸಾಕು. ಆಳವನ್ನು ಬಿಟ್ಟುಕೊಡುವುದು ಈ ವ್ಯಾಸಂಗದ ಲಕ್ಷಣವಲ್ಲ. ತನ್ನ ಆಳವು ಎಲ್ಲಿ ಮುಗಿಯುವುದೆಂದು ತಿಳಿಯುವುದು ಲಕ್ಷಣ.

ಒಟ್ಟಿನಲ್ಲಿ, ಬಹುಶಾಸ್ತ್ರದ ಜಲವ್ಯಾಸಂಗವು ಹೊಸದೆಂಬ ಹೊಗಳಿಕೆಯು ನಿಲ್ಲುವುದಿಲ್ಲ. ಕಲಸುಮೇಲೋಗರವೆಂಬ ತೆಗಳಿಕೆಯು ಸಂಗ್ರಹಮಾತ್ರವಾದ ಪಠ್ಯಕ್ರಮಕ್ಕೆ ತಗಲುವುದು, ಅನ್ವಯವುಳ್ಳ ಪಠ್ಯಕ್ರಮಕ್ಕೆ ತಗಲದು. ಲೋಕೋಪಕಾರದಿಂದ ಕನ್ನಡದಲ್ಲಿ ಹೇಳುವ ಧೈರ್ಯವನ್ನೂ, ಶಾಸನದಿಂದ ಗಡಿ-ಸವಳುಗಳನ್ನು ಒಂದೇ ಪಟ್ಟಿಯಲ್ಲಿ ನೋಡುವ ದೃಷ್ಟಿಯನ್ನೂ ತೆಗೆದುಕೊಳ್ಳಬಹುದು. ಎರಡೂ ಬಿಟ್ಟುದನ್ನು, ಎಂದರೆ ಪಾಳಿಯ ತುದಿಯ ಒಕ್ಕಲಿಗನನ್ನು, ಹದಿಮೂರನೆಯ ಅಂಗವಾಗಿ ಸೇರಿಸಬೇಕಾಗಿದೆ. ಹೊಲವು ಜವಳಾದರೆ ಮೊದಲು ತಿಳಿಯುವುದು ಅವನಿಗೆ. ರಾಜಾಪುರದಿಂದ ನೀರು ಬಿಟ್ಟರೆ ಮನೆಯನ್ನು ತೆರವು ಮಾಡಬೇಕಾದವನೂ ಅವನೇ. ಅವನ ಮಾತಿನಲ್ಲಿ ಬರೆದ, ಅವನ ಪ್ರಶ್ನೆಗೆ ಉತ್ತರ ಹೇಳುವ ಒಂದು ಪಠ್ಯಗ್ರಂಥವನ್ನು ಐದು ತಾಲ್ಲೂಕುಗಳ ನೀರನ್ನೇ ವಸ್ತುವಾಗಿಟ್ಟು ಸಿದ್ಧಪಡಿಸುವುದು ಸಾಹಿತ್ಯಜ್ಞರೂ ಜಲಜ್ಞರೂ ಕೂಡಿ ಮಾಡತಕ್ಕ ಕೆಲಸವಾಗಿದೆ.